ಬಿಲ್ ಅಸಲಿ, ಮಾರುವವನು ನಕಲಿ: ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹುಡುಕುವವರು ಒಮ್ಮೆ ಓದಿ

ತುಮಕೂರು ಬಿ.ಎಚ್. ರಸ್ತೆಯ ಸ್ಟುಡಿಯೋ ಒಂದರ ಬಿಲ್ ಕಳಿಸಿ, ನಿಕಾನ್ ಡಿ750 ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) 28 ಸಾವಿರಕ್ಕೆ ಕೊಡ್ತೀನಿ ಅಂತ ಯಾರಾದರೂ ಮೆಸೇಜ್ ಮಾಡಿದರೆ ದುಡ್ಡು ಹಾಕಬೇಡಿ. ಆ ಬಿಲ್ ನನ್ನದೇ. ಫೋಟೋಗಳೂ ನಾನೇ ತೆಗೆದವು. ಕ್ಯಾಮೆರಾ ಮಾತ್ರ ಅವನ ಹತ್ತಿರ ಇಲ್ಲ. ಅದನ್ನು ನಾನು ಸಿರಾದ ಒಬ್ಬ ಹುಡುಗನಿಗೆ ಕೈಯಾರೆ ಮಾರಿದ್ದೇನೆ. ಅವನು ಅದರಲ್ಲಿ ಕಗ್ಗಲಡುವಿನ ಕೊಕ್ಕರೆ ಫೋಟೋ ತೆಗೆದುಕೊಂಡು ಆರಾಮಾಗಿದ್ದಾನೆ.

ಮದುವೆ ಸೀಸನ್ ಮುಗಿದ ಮೇಲೆ ನಾನು ಹೊಸ ಮಿರರ್‌ಲೆಸ್ ಕ್ಯಾಮೆರಾಗೆ ಹೋದೆ. ಹಳೆ ಡಿ750 ಮಾರಲು ಒಂದು ಸೆಕೆಂಡ್ ಹ್ಯಾಂಡ್ ಸೈಟಿನಲ್ಲಿ ಹಾಕಿದೆ. ತುಂಬಾ ಜನ ಕೇಳಿದರು. ಅದರಲ್ಲಿ ಒಬ್ಬ ಬಹಳ ಮರ್ಯಾದೆಯಿಂದ ಮಾತಾಡಿದ. ಬಿಲ್ ಕೇಳಿದ, ಬಾಕ್ಸ್ ಫೋಟೋ ಕೇಳಿದ, ಸೀರಿಯಲ್ ನಂಬರ್ ಹತ್ತಿರದಿಂದ ತೆಗೆದು ಕಳಿಸಿ ಅಂದ. ಕೊಳ್ಳುವವರು ಇದನ್ನೆಲ್ಲ ಕೇಳಲೇಬೇಕು, ಕಳಿಸಿದೆ. ಆಮೇಲೆ ಅವನ ಸುದ್ದಿಯೇ ಇಲ್ಲ. ಇಂಥವರು ದಿನಾ ಇರ್ತಾರೆ ಅಲ್ವಾ, ನಾನೂ ಮರೆತೆ. ಕ್ಯಾಮೆರಾ 46 ಸಾವಿರಕ್ಕೆ ಸಿರಾದ ಹುಡುಗನ ಪಾಲಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಕೊರಟಗೆರೆ ಕಡೆಯಿಂದ ಒಬ್ಬ ಹುಡುಗ, ಜೊತೆಗೆ ಅವನ ಸೋದರಮಾವ, ಸ್ಟುಡಿಯೋ ಬಾಗಿಲಿಗೆ ಬಂದರು. "ಅಣ್ಣಾ, ನಮ್ ಪಾರ್ಸೆಲ್ ಯಾವಾಗ ಕಳಿಸ್ತೀರಾ?" ಅಂದ ಹುಡುಗ. ಯಾವ ಪಾರ್ಸೆಲ್ಲಪ್ಪಾ ಅಂದರೆ ಮೊಬೈಲ್ ತೋರಿಸಿದ. ನನ್ನ ಕ್ಯಾಮೆರಾ, ನನ್ನ ಟೇಬಲ್, ಹಿಂದೆ ಗೋಡೆ ಮೇಲೆ ಸಿದ್ಧಗಂಗಾ ಮಠದ ಕ್ಯಾಲೆಂಡರ್ ಕೂಡ ಹಾಗೇ ಇದೆ. ಕೆಳಗೆ ನನ್ನ ಬಿಲ್.

ಹುಡುಗ ಅಡ್ವಾನ್ಸ್ ಅಂತ 5,000 ಹಾಕಿದ್ದ. ಮಾರನೇ ದಿನ ಕೊರಿಯರ್ ಇನ್ಶೂರೆನ್ಸ್ ಅಂತ 6,200. ಅದಾದ ಮೇಲೆ "ಜಿಎಸ್‌ಟಿ ಕಟ್ಟಿ, ಪಾರ್ಸೆಲ್ ಕೈಗೆ ಬಂದ ತಕ್ಷಣ ವಾಪಸ್ ಬರುತ್ತೆ" ಅಂತ ಇನ್ನೊಂದು ಕಂತು ಕೇಳಿದಾಗ ಮನೆಯಲ್ಲಿ ಹೇಳಿದ್ದಾನೆ. ಮಾವನಿಗೆ ಸಿಟ್ಟು ನೆತ್ತಿಗೇರಿತ್ತು. "ಏನ್ರೀ, ನಿಮ್ ಹೆಸರು, ನಿಮ್ ಅಂಗಡಿ, ನಿಮ್ ಜಿಎಸ್‌ಟಿ ನಂಬರ್. ಈಗ ನಾನಲ್ಲ ಅಂದ್ರೆ ಯಾರು ಕೇಳ್ತಾರೆ?" ಪಕ್ಕದ ಅಂಗಡಿಯವರೆಲ್ಲ ಬಂದು ನಿಂತರು. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಕೆಲಸ ಮಾಡಿದವನಿಗೆ ಅದು ಎಷ್ಟು ಮುಜುಗರ ಅಂತ ಹೇಳೋಕೆ ಆಗಲ್ಲ. ಸಿರಾ ಹುಡುಗನಿಗೆ ವಿಡಿಯೋ ಕಾಲ್ ಮಾಡಿ, ಕ್ಯಾಮೆರಾ ಮೈಮೇಲಿನ ಸೀರಿಯಲ್ ನಂಬರ್ ತೋರಿಸಿದ ಮೇಲೇ ಅವರು ನಂಬಿದ್ದು.

ಆಮೇಲೆ ಕೂತು ಹುಡುಗನ ಚಾಟ್ ಪೂರ್ತಿ ಓದಿದೆವು. ಮೊದಲು ತನಗೆ ತುಮಕೂರಲ್ಲಿ ಸ್ಟುಡಿಯೋ ಇತ್ತು, ಈಗ ಮಿಲಿಟರಿಯಲ್ಲಿದ್ದೇನೆ, ಜಮ್ಮುವಿಗೆ ಟ್ರಾನ್ಸ್‌ಫರ್ ಆಗಿದೆ, ಅದಕ್ಕೇ ಅರ್ಜೆಂಟಾಗಿ ಮಾರುತ್ತಿದ್ದೇನೆ ಅಂತ ಆ ಮೋಸಗಾರ ಬರೆದಿದ್ದ. ಐಡಿ ಕಾರ್ಡ್ ಕಳಿಸಿದ್ದ, ಕ್ಯಾಂಟೀನ್ ಕಾರ್ಡ್ ಕಳಿಸಿದ್ದ. ಯೂನಿಫಾರ್ಮ್ ಫೋಟೋ ಬೇರೆ. ನನ್ನ ಬಿಲ್ ಕದ್ದ ಹಾಗೇ ಯಾರೋ ಪಾಪದ ಯೋಧನ ಕಾರ್ಡನ್ನೂ ಎಲ್ಲಿಂದಲೋ ಎತ್ತಿರಬೇಕು. ಸೈನಿಕರ ಹೆಸರು ಹೇಳಿದರೆ ನಮ್ಮ ಜನ ಅನುಮಾನ ಪಡೋಕೆ ನಾಚಿಕೊಳ್ತಾರೆ, ಅದು ಇವರಿಗೆ ಚೆನ್ನಾಗಿ ಗೊತ್ತು. ಈ ಮಿಲಿಟರಿ ನಾಟಕ ಹೊಸದೇನಲ್ಲ. ಬೈಕು, ಸೋಫಾ, ಬಾಡಿಗೆ ಮನೆ, ಎಲ್ಲದರಲ್ಲೂ ವರ್ಷಗಳಿಂದ ನಡೀತಿದೆ.

ಇಷ್ಟೆಲ್ಲ ದಾಖಲೆಗಳ ಮಧ್ಯೆ ನಿಜ ಸೋರಿದ್ದು ಒಂದೇ ಕಡೆ. ಯುಪಿಐನಲ್ಲಿ ದುಡ್ಡು ಕಳಿಸುವ ಮುಂಚೆ ಖಾತೆಯವರ ಹೆಸರು ಬರುತ್ತೆ. ಅಲ್ಲಿ ಬಂದದ್ದು ಬಿಲ್‌ನಲ್ಲಿದ್ದ ಹೆಸರೂ ಅಲ್ಲ, ಐಡಿ ಕಾರ್ಡಿನ ಹೆಸರೂ ಅಲ್ಲ, ಯಾವುದೋ ಹೆಂಗಸಿನ ಹೆಸರು. ಹುಡುಗ ಕೇಳಿಯೂ ಇದ್ದ. "ನಮ್ಮ ಮೇಜರ್ ಸಾಹೇಬರ ಮಿಸೆಸ್ ಅಕೌಂಟ್" ಅಂತ ಉತ್ತರ. ಹೆಸರು ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ. ಕಾರಣ ಎಷ್ಟೇ ಚೆನ್ನಾಗಿ ಹೇಳಲಿ.

ನನಗೆ ಈಗ ಅನ್ನಿಸೋದು ಇಷ್ಟು. ಬಿಲ್, ಬಾಕ್ಸ್, ಸೀರಿಯಲ್ ನಂಬರ್, ಇವನ್ನೆಲ್ಲ ಕೇಳಿ ಸಮಾಧಾನ ಪಟ್ಟುಕೊಳ್ಳಬೇಡಿ. ನಿಜವಾದ ಮಾರಾಟಗಾರನಿಂದ ಇಸ್ಕೊಂಡು ಮೋಸಗಾರನೂ ಅದನ್ನೇ ಕೊಡ್ತಾನೆ. ಕ್ಯಾಮೆರಾ ಕೈಯಲ್ಲಿದ್ದವನು ಮಾತ್ರ, ಈಗ, ಈ ಹೊತ್ತಿನಲ್ಲಿ ಮಾಡಬಹುದಾದ್ದನ್ನು ಕೇಳಿ. ನಿಮ್ಮ ಹೆಸರು, ಇವತ್ತಿನ ತಾರೀಕು ಚೀಟಿಯಲ್ಲಿ ಬರೆದು ಕ್ಯಾಮೆರಾ ಪಕ್ಕ ಇಟ್ಟು ಫೋಟೋ ಕಳಿಸಲಿ. ಅದನ್ನೂ ಕಂಪ್ಯೂಟರ್‌ನಲ್ಲಿ ಅಂಟಿಸುವ ಕಾಲ ಇದು, ಆದ್ದರಿಂದ ವಿಡಿಯೋ ಕಾಲ್ ಇನ್ನೂ ಒಳ್ಳೇದು. ಲೆನ್ಸ್ ತೆಗೆದು ತೋರಿಸಿ ಅನ್ನಿ, ಮೆನು ತೆರೆಸಿ.

ನಿಕಾನ್ ಆದರೆ ಇನ್ನೊಂದು ಸುಲಭದ ದಾರಿ ಇದೆ. ಇವತ್ತು ತೆಗೆದ ಒಂದು ಜೆಪೆಗ್ ಫೈಲನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಅಂತ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತೆ. ಡಾಕ್ಯುಮೆಂಟ್ ಆದರೆ ಆ ಮಾಹಿತಿ, ಅಂದರೆ ಎಕ್ಸಿಫ್, ಹಾಗೇ ಉಳಿಯುತ್ತೆ. ಅದರಲ್ಲಿ ತೆಗೆದ ದಿನ, ಸೀರಿಯಲ್ ನಂಬರ್, ಶಟರ್ ಕೌಂಟ್ (ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಅನ್ನೋ ಲೆಕ್ಕ) ಎಲ್ಲಾ ಸಿಗುತ್ತೆ. ಡಿ750ರ ಶಟರನ್ನು ನಿಕಾನ್ ಪರೀಕ್ಷಿಸಿದ್ದು 1,50,000 ಕ್ಲಿಕ್‌ಗೆ, ಹಾಗಾಗಿ ಈ ಲೆಕ್ಕ ಹೇಗಿದ್ದರೂ ಬೇಕು. ಕ್ಯಾನನ್ ಫೈಲ್‌ಗಳಲ್ಲಿ ಸಾಮಾನ್ಯವಾಗಿ ಶಟರ್ ಕೌಂಟ್ ಇರಲ್ಲ, ಆದರೆ ದಿನಾಂಕ ಇರುತ್ತೆ.

ಸುಮ್ನೆ ನೋಡೋಣ ಅಂತ ನಾನೇ ಬೇರೆ ನಂಬರಿನಿಂದ ಆ ಮಹಾಶಯನಿಗೆ ಮೆಸೇಜ್ ಮಾಡಿದೆ. 2015ರಲ್ಲಿ ಡಿ750ರ ಫ್ಲೇರ್ ತೊಂದರೆಗೆ (ಜೋರು ಬೆಳಕಿನ ಕಡೆ ಹಿಡಿದರೆ ಫೋಟೋದಲ್ಲಿ ಬೇಡದ ಬೆಳಕು ಬೀಳುವುದು) ನಿಕಾನ್ ಉಚಿತ ಸರ್ವಿಸ್ ಕೊಟ್ಟಿತ್ತು. ಸರಿಪಡಿಸಿದ ಬಾಡಿಗಳಲ್ಲಿ ಟ್ರೈಪಾಡ್ ಸ್ಕ್ರೂ ಹಾಕುವ ತೂತಿನೊಳಗೆ ಒಂದು ಕಪ್ಪು ಚುಕ್ಕೆ ಇರುತ್ತೆ. "ಟ್ರೈಪಾಡ್ ತೂತಿನೊಳಗೆ ಕಪ್ಪು ಚುಕ್ಕೆ ಇದೆಯಾ ಸರ್?" ಅಂತ ಕೇಳಿದೆ. "ಟ್ರೈಪಾಡ್ ಫ್ರೀ ಕೊಡ್ತೀನಿ ಸರ್" ಅಂದ. ಕ್ಯಾತ್ಸಂದ್ರದಲ್ಲಿ ಸಿಗೋಣ, ತಟ್ಟೆ ಇಡ್ಲಿ ನಾನೇ ಕೊಡಿಸ್ತೀನಿ, ಕ್ಯಾಮೆರಾ ನೋಡಿ ಪೂರ್ತಿ ಕ್ಯಾಶ್ ಕೊಡ್ತೀನಿ ಅಂದದ್ದಕ್ಕೆ ಬ್ಲಾಕ್ ಮಾಡಿದ.

ಇಬೇಯಂಥ ವಿದೇಶಿ ಹರಾಜು ಸೈಟಿನಲ್ಲಿ ಲೆನ್ಸ್ ಹುಡುಕುವವರೂ ನಮ್ಮಲ್ಲಿ ಇದ್ದಾರೆ. ಭಾರತದ ಇಬೇ 2018ರ ಆಗಸ್ಟ್‌ನಲ್ಲಿ ಮುಚ್ಚಿತು, ಈಗ ಕೊಳ್ಳುವುದೆಲ್ಲ ಹೊರಗಿನದ್ದರಿಂದ. ಅಲ್ಲಿ ಮೋಸದ ರೂಪ ಬೇರೆ. ಹಳೇ, ಒಳ್ಳೇ ಹೆಸರಿನ ಖಾತೆಯ ಪಾಸ್‌ವರ್ಡ್ ಕದ್ದು ಅದರಲ್ಲಿ ಮಾಲು ಹಾಕುತ್ತಾರೆ. ಆದ್ದರಿಂದ ಫೀಡ್‌ಬ್ಯಾಕ್ ನಂಬರ್ ನೋಡಿ ಮರುಳಾಗಬೇಡಿ, ಏನು ಮಾರಿದ್ದಕ್ಕೆ ಆ ಫೀಡ್‌ಬ್ಯಾಕ್ ಬಂತು ನೋಡಿ. ಇಷ್ಟು ದಿನ ಮಕ್ಕಳ ಬಟ್ಟೆ ಮಾರಿದವರು ಇದ್ದಕ್ಕಿದ್ದಂತೆ ರಾಶಿ ಕ್ಯಾಮೆರಾ ಹರಾಜಿಗೆ ಇಟ್ಟರೆ ಏನೋ ಎಡವಟ್ಟು ಇದೆ. "ಬಿಡ್ ಮಾಡುವ ಮುಂಚೆ ಈ ಇಮೇಲ್‌ಗೆ ಬರೆಯಿರಿ" ಅಂತ ಫೋಟೋ ಮೇಲೇ ಬರೆದಿದ್ದರಂತೂ ಮುಟ್ಟಬೇಡಿ. ಹರಾಜಿನಲ್ಲಿ ಸೋತ ಮೇಲೆ "ಗೆದ್ದವರು ಬೇಡ ಅಂದರು, ನಿಮಗೇ ಕೊಡ್ತೀವಿ" ಅಂತ ಇಮೇಲ್ ಬಂದರೆ, ನಿಮ್ಮ ಇಬೇ ಖಾತೆಯೊಳಗೇ ಆ ಮೆಸೇಜ್ ಇದೆಯಾ ನೋಡಿ. ಸೈಟಿನ ಹೊರಗೆ ದುಡ್ಡು ಕೊಟ್ಟರೆ ಅವರ ಮನಿ ಬ್ಯಾಕ್ ಗ್ಯಾರಂಟಿ ಅನ್ವಯ ಆಗಲ್ಲ. ವಿವರಣೆಯನ್ನು ಕೊನೇ ಸಾಲಿನವರೆಗೂ ಓದಿ. ಖಾಲಿ ಡಬ್ಬ ಮಾತ್ರ ಮಾರಾಟಕ್ಕೆ ಅಂತ ಸಣ್ಣದಾಗಿ ಬರೆದು, ಕ್ಯಾಮೆರಾ ರೇಟಿಗೆ ಡಬ್ಬ ಮಾರಿದವರೂ ಇದ್ದಾರೆ.

ಇನ್ನು ದೂರು. ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯಾರ ಅಂಗಡಿಗೂ ಜಗಳಕ್ಕೆ ಹೋಗಬೇಡಿ, ಅದು ಆಮೇಲೆ. ಈ ನಂಬರಿಗೆ ಹೇಳಿದರೆ ದುಡ್ಡು ಹೋಗಿ ಸೇರಿದ ಬ್ಯಾಂಕಿಗೆ ಸುದ್ದಿ ತಲುಪಿ, ಖಾತೆಯಲ್ಲಿ ಇನ್ನೂ ಉಳಿದಿದ್ದರೆ ತಡೆ ಹಿಡಿಯುತ್ತಾರೆ. ತಡ ಆದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಹೋಗಿರುತ್ತೆ. ಯುಪಿಐ ರಸೀದಿಯಲ್ಲಿರುವ 12 ಅಂಕಿಯ ಯುಟಿಆರ್ ನಂಬರ್ ಕೈಯಲ್ಲಿಟ್ಟುಕೊಳ್ಳಿ, ಅವರು ಕೇಳ್ತಾರೆ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಕೊರಟಗೆರೆ ಹುಡುಗ ನನ್ನ ಸ್ಟುಡಿಯೋದಲ್ಲೇ ಕೂತು ಫೋನ್ ಮಾಡಿದ. ಮೊದಲ 5,000 ಆಗಲೇ ಖಾಲಿ. ಎರಡನೇ ಕಂತಿನಲ್ಲಿ ಸ್ವಲ್ಪ ಹಣ ತಡೆ ಹಿಡಿದಿದ್ದಾರೆ, ಅದು ಅವನ ಕೈಗೆ ಇನ್ನೂ ಬಂದಿಲ್ಲ.

ನಾನು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ಬೇರೆ ದೂರು ಕೊಟ್ಟೆ, ನನ್ನ ಬಿಲ್ ಬಳಸಿ ಮೋಸ ಮಾಡ್ತಿದ್ದಾರೆ ಅಂತ. ಬೇರೆಯವರ ಹೆಸರಲ್ಲಿ ಕಂಪ್ಯೂಟರ್, ಮೊಬೈಲ್ ಬಳಸಿ ವಂಚಿಸುವುದಕ್ಕೆ ಐಟಿ ಕಾಯ್ದೆಯ 66ಡಿ ಕಲಂ ಇದೆ, 3 ವರ್ಷದವರೆಗೆ ಜೈಲು. ದೂರಿನ ಸ್ವೀಕೃತಿ ಈಗ ನನ್ನ ಮೊಬೈಲ್‌ನಲ್ಲೇ ಇದೆ. ಮುಂದೆ ಯಾರಾದರೂ ಬಾಗಿಲಿಗೆ ಬಂದರೆ ತೋರಿಸೋಕೆ.

ದುಡ್ಡು ಕಳೆದುಕೊಳ್ಳದವರೂ ದೂರು ಕೊಡಿ ಅಂತ ನನ್ನ ಕೋರಿಕೆ. ಜಾಹೀರಾತು ನೋಡಿ, ಮೋಸ ಅಂತ ಗೊತ್ತಾಗಿ, ನಕ್ಕು ಮುಂದೆ ಹೋಗುವವರೇ ಜಾಸ್ತಿ. ಆದರೆ ಯಾರದ್ದೂ ದುಡ್ಡು ಹೋಗುವ ಮುಂಚೆ ಅದನ್ನು ಗುರುತು ಹಿಡಿದವರು ಅವರೇ ಅಲ್ವಾ. ಸೈಟಿನ ರಿಪೋರ್ಟ್ ಬಟನ್ ಒತ್ತುವ ಮುಂಚೆ ಜಾಹೀರಾತಿನ ಲಿಂಕ್, ಹಾಕಿದವರ ಪ್ರೊಫೈಲ್, ಫೋನ್ ನಂಬರ್, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಜಾಹೀರಾತು ತೆಗೆದುಹಾಕಿದ ಮೇಲೆ ಪೊಲೀಸರಿಗೆ ತೋರಿಸೋಕೆ ಏನೂ ಉಳಿಯಲ್ಲ. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅಸಲಿ ಮಾರಾಟಗಾರ ಸಿಕ್ಕರೂ ಸಿಗಬಹುದು, ಅವರಿಗೂ ಒಂದು ಮಾತು ಹೇಳಿ. ಮೋಸದ ಕರೆ, ವಾಟ್ಸಾಪ್ ನಂಬರ್ ಬಗ್ಗೆ ತಿಳಿಸಲು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಚಕ್ಷು ಅನ್ನೋ ವಿಭಾಗ ಇದೆ, ದುಡ್ಡು ಹೋಗದೇ ಇದ್ದಾಗ ಅದೇ ಸರಿ. ನನ್ನ ಫೋಟೋದ ಜಾಹೀರಾತು ಒಮ್ಮೆ ಹೋಗಿ, ಬೇರೆ ಹೆಸರಿನಲ್ಲಿ 26 ಸಾವಿರಕ್ಕೆ ಮತ್ತೆ ಬಂತು. ಮತ್ತೆ ರಿಪೋರ್ಟ್ ಮಾಡಿದೆವು, ಹೋಯಿತು.

ಸ್ಟುಡಿಯೋದವರಿಗೆ ಒಂದು ಮಾತು. ಹಳೇ ಬಾಡಿ ಮಾರುವಾಗ ಬಿಲ್ ಕೇಳಿದರೆ ಜಿಎಸ್‌ಟಿ ನಂಬರ್, ವಿಳಾಸ ಮುಚ್ಚಿ ಕಳಿಸಿ. ಅದರ ಮೇಲೆ ಅಡ್ಡಡ್ಡಲಾಗಿ ಕೇಳಿದವರ ಹೆಸರು, ಫೋನ್ ನಂಬರ್, ತಾರೀಕು ದಪ್ಪಗೆ ಬರೆಯಿರಿ. ಸೀರಿಯಲ್ ನಂಬರಿನ ಕೊನೇ ಎರಡು ಅಂಕಿ ಬೆರಳಿನಲ್ಲಿ ಮುಚ್ಚಿ ಫೋಟೋ ತೆಗೆಯಿರಿ. ಪೂರ್ತಿ ನೋಡಬೇಕು ಅನ್ನುವವರು ಅಂಗಡಿಗೇ ಬರಲಿ.