ಶೂಟಿಂಗಿಗೆ ಮನೆ, ಬೆಟ್ಟ ಕೊಡುವವರೇ, ಒಪ್ಪಂದದ ಎರಡನೇ ಪುಟ ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವರು ದಯವಿಟ್ಟು ಓದಿ. ಹಳೇ ತೊಟ್ಟಿ ಮನೆ ಇದ್ದವರು, ತೋಟದ ಮೇಲೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದ್ದವರು ಎರಡು ಸಲ ಓದಿ. ಬೆಂಗಳೂರಿನಿಂದ ಶೂಟಿಂಗ್ ತಂಡ ಬಂದು "ಪರ್ಮಿಷನ್ ಎಲ್ಲಾ ಆಗಿದೆ" ಅಂದರೆ, ಕಾಗದ ನಿಮ್ಮ ಕೈಗೆ ಬರುವವರೆಗೆ ಬೇಲಿಯ ದಣಪೆ (ಗೇಟು) ತೆಗೆಯಬೇಡಿ.

ನನ್ನ ಮೇಲೆ ಈಗ ಅರಣ್ಯ ಇಲಾಖೆಯ ಕೇಸಿದೆ. ಶೂಟಿಂಗ್ ಮಾಡಿದವರ ಮೇಲಲ್ಲ, ನನ್ನ ಮೇಲೆ.

ಬಂದವನು ಲೊಕೇಶನ್ ಮ್ಯಾನೇಜರ್. ಯಾವುದೋ ವೆಬ್ ಸೀರೀಸ್ ಅಂದ. ಅಡಿಕೆ ಕೊನೆಕೊಯ್ಲು ಮುಗಿದು ಅಂಗಳ ಖಾಲಿ ಇತ್ತು. ಅಂಗಳ, ಜಗಲಿ, ಮತ್ತೆ ಬೆಟ್ಟದಲ್ಲಿ ಒಂದು ಗುಡಿಸಲಿನ ಸೆಟ್ಟು. ಬಾಡಿಗೆ ಮಾತಾಯಿತು, ಅರ್ಧ ಮುಂಗಡ ಕೊಟ್ಟ. ಇದೆಲ್ಲ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು.

ನಾನು ನೇರವಾಗಿಯೇ ಕೇಳಿದ್ದೆ. "ಬೆಟ್ಟಕ್ಕೆ ಫಾರೆಸ್ಟಿನವರ ಪರ್ಮಿಷನ್ ಬೇಕಲ್ವಾ?"

"ಗೌಡ್ರೇ, ಅದೆಲ್ಲ ಬೆಂಗಳೂರಲ್ಲೇ ಸಿಂಗಲ್ ವಿಂಡೋದಲ್ಲಿ ಆಗಿದೆ. ಪಂಚಾಯ್ತಿಯಿಂದಲೂ ತಗೊಂಡಿದೀವಿ. ನೀವು ತಲೆ ಕೆಡಿಸ್ಕೋಬೇಡಿ."

ಮೊಬೈಲಿನಲ್ಲಿ ಒಂದು ಕಾಗದ ತೋರಿಸಿದ. ಗುಂಡಗಿನ ಸೀಲು, ಪಿಡಿಒ ಸಹಿ. ಆ ಕಾಗದ ಸುಳ್ಳಲ್ಲ, ಅಸಲಿಯೇ. ಮೋಸ ಇರುವುದೇ ಅಲ್ಲಿ. ಪಂಚಾಯಿತಿ ಕೊಟ್ಟಿದ್ದು ಊರಿನ ರಸ್ತೆಯಲ್ಲಿ ಗಾಡಿ ತರಲು, ಮೈದಾನದಲ್ಲಿ ನಿಲ್ಲಿಸಲು. ಬೆಟ್ಟದ ಮಾತು ಅದರಲ್ಲಿ ಒಂದಕ್ಷರ ಇರಲಿಲ್ಲ. ಇರುವುದಕ್ಕೂ ಸಾಧ್ಯವಿಲ್ಲ. ಕಾಡಿನ ವಿಷಯದಲ್ಲಿ ಪಂಚಾಯಿತಿ ಏನು ಅನುಮತಿ ಕೊಡುತ್ತದೆ?

ಆಮೇಲೆ ಒಪ್ಪಂದ. ಎರಡು ಪುಟ, ಪೂರ್ತಿ ಇಂಗ್ಲಿಷ್. ಅಮ್ಮನಿಗೂ ಅರ್ಥವಾಗಲಿ ಅಂತ ಅವನೇ ಜೋರಾಗಿ ಕನ್ನಡದಲ್ಲಿ ಓದಿ ಹೇಳಿದ. ಮನೆಗೆ ಹಾನಿಯಾದರೆ ಕಂಪನಿ ಕಟ್ಟಿಕೊಡುತ್ತದೆ, ಕರೆಂಟಿಗೆ ಅವರದೇ ಜನರೇಟರ್, ಊಟ ಅವರದೇ. "ಉಳಿದಿದ್ದು ಮಾಮೂಲಿ ಫಾರ್ಮ್ಯಾಟ್ ಅಮ್ಮಾ" ಅಂದು ಪೆನ್ನು ಕೊಟ್ಟ. ಅಮ್ಮ ಅವನಿಗೆ ಹಲಸಿನ ಹಪ್ಪಳ ಕರಿದು ಕೊಟ್ಟಿದ್ದರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಶೂಟಿಂಗ್ ಶುರುವಾದ ಮೇಲೆ ನನ್ನ ಬೆಟ್ಟಕ್ಕೆ ನನ್ನನ್ನೇ ಬಿಡಲಿಲ್ಲ. "ಫ್ರೇಮಲ್ಲಿ ಬರ್ತೀರಾ, ಕೆಳಗಿರಿ ಗೌಡ್ರೇ." ಜೆಸಿಬಿ ಸದ್ದು ಕೇಳಿ ಓಡಿದೆ. ವ್ಯಾನಿಟಿ ವ್ಯಾನು ಹತ್ತಲಿ ಅಂತ ಕಾಲುದಾರಿಯನ್ನು ಅಗಲ ಮಾಡುತ್ತಿದ್ದರು. ನಾವು ಸೊಪ್ಪಿಗೆ ಕೊಂಬೆ ಸವರುತ್ತೇವೆ, ಮರ ಉಳಿಸುತ್ತೇವೆ. ಇವರು ಕ್ಯಾಮೆರಾಕ್ಕೆ ಅಡ್ಡ ಅಂತ ತೋಳು ದಪ್ಪದ ಮತ್ತಿ ಗಿಡಗಳನ್ನು ಬುಡಕ್ಕೇ ಕಡಿದಿದ್ದರು. ಲೈಟು ಕಟ್ಟಲು ನಿಂತ ಮರಗಳಿಗೆಲ್ಲ ಬೆರಳುದ್ದದ ಮೊಳೆ. ಅಡುಗೆಯವರು ಬೆಟ್ಟದ ಅಬ್ಬಿ ನೀರನ್ನು ಮನೆಗೆ ಹರಿಸುವ ದಂಬೆಯಲ್ಲೇ ಬಿರಿಯಾನಿ ಡಬರಿ ತೊಳೆದರು. ನಾವು ಕುಡಿಯುವ ನೀರು ಅದು! ಮನೆಯ ಹಂಡೆಯಲ್ಲಿ ಎಣ್ಣೆ ತೇಲುತ್ತಿತ್ತು. ಹೇಳಿದರೆ "ನಾಳೆ ಕ್ಲೀನ್ ಮಾಡಿಸ್ತೀವಿ ಅಣ್ಣಾ". ಮಾರನೇ ದಿನವೂ ಅದೇ ಮಾತು.

ಕೊನೆಗೆ ಬೆಂಕಿ. ಮಾರ್ಚ್ ತಿಂಗಳಲ್ಲಿ ಬೆಟ್ಟದಲ್ಲಿ ಬೆಂಕಿ! ತರಗೆಲೆ ಹಪ್ಪಳದ ಹಾಗೆ ಒಣಗಿರುವಾಗ, ವಾಚರುಗಳು ಬೆಂಕಿ ರೇಖೆ ಕಾಯುತ್ತಿರುವಾಗ, ಇವರಿಗೆ ಕ್ಯಾಂಪ್ ಫೈರ್ ಸೀನ್ ಬೇಕಿತ್ತು. ಹೊಗೆ ನೋಡಿ ಗಾರ್ಡ್ ಬಂದರು, ಹಿಂದೆಯೇ ರೇಂಜರ್ ಬಂದರು. ಅಷ್ಟರಲ್ಲಿ ಮ್ಯಾನೇಜರ್ ನಾಪತ್ತೆ. ಯಾರೋ ಹುಡುಗ ಬಂದು ಫೈಲು ಕೊಟ್ಟ.

ರೇಂಜರ್ ಎರಡನೇ ಪುಟ ತೆಗೆದು ನನಗೇ ಓದಿ ಹೇಳಿದರು. ಜಾಗ ಪೂರ್ತಿ ನನ್ನ ಸ್ವಂತದ್ದಂತೆ. ಸರ್ಕಾರದ ಎಲ್ಲಾ ಇಲಾಖೆಗಳ ಅನುಮತಿ ಪಡೆಯುವ ಹೊಣೆ ಮಾಲೀಕನಾದ ನನ್ನದಂತೆ. ಏನೇ ದಂಡ ಬಿದ್ದರೂ ಕಂಪನಿಗೆ ಸಂಬಂಧವಿಲ್ಲವಂತೆ. ಕೆಳಗೆ ನನ್ನ ಸಹಿ. ಅವನು ಜಗಲಿಯಲ್ಲಿ ಕೂತು ಓದುವಾಗ ಹಾರಿಸಿದ್ದು ಈ ಸಾಲುಗಳನ್ನೇ, ಬೇರೆ ಯಾವುದನ್ನೂ ಅಲ್ಲ.

"ಸರ್ಕಾರಿ ಜಾಗನ ನಿಮ್ಮದು ಅಂತ ಬರೆದುಕೊಟ್ಟು ಬಾಡಿಗೆ ಬೇರೆ ತಗೊಂಡಿದೀರಲ್ಲ ಗೌಡ್ರೇ" ಅಂದರು ರೇಂಜರ್. ಕೆಲಸದ ಆಳುಗಳು, ಲೈಟ್ ಬಾಯ್‌ಗಳು, ಪಕ್ಕದ ಮನೆಯವರು ಎಲ್ಲ ಸುತ್ತ ನಿಂತಿದ್ದರು. ಬಾಯಿ ಕಟ್ಟಿಹೋಯಿತು.

ಬೆಟ್ಟದ ವಿಷಯ ನಮ್ಮವರಿಗೆ ಗೊತ್ತು, ಹೊರಗಿನವರಿಗೆ ಹೇಳುತ್ತೇನೆ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಗು (ಒಣಗಿದ ಎಲೆ) ತರುವಂಥ ಸವಲತ್ತು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಕಾನು (ದಟ್ಟ ಕಾಡು), ಸೊಪ್ಪಿನ ಬೆಟ್ಟದ ಸವಲತ್ತುಗಳನ್ನು ಮುಂದುವರಿಸಿದ್ದಾರೆ. ಸವಲತ್ತು ಅಷ್ಟೇ, ಜಾಗ ಸರ್ಕಾರದ್ದು. ಬಾಡಿಗೆಗೆ ಕೊಡುವ ಹಕ್ಕು ನಮಗಿಲ್ಲ. ಆ ಮ್ಯಾನೇಜರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದಕ್ಕೇ ಆ ಸಾಲು ಬರೆಸಿಕೊಂಡು ಬಂದಿದ್ದ.

ಸಂಜೆ ಫೋನ್ ಮಾಡಿದೆ. "ಸರ್, ಮೀಟಿಂಗಲ್ಲಿದೀನಿ." ರಾತ್ರಿ ಮಾಡಿದೆ. "ಲೀಗಲ್ ಟೀಮ್ ಹತ್ರ ಮಾತಾಡಿ ಸರ್." ಗೌಡ್ರೂ ಇಲ್ಲ, ಅಣ್ಣನೂ ಇಲ್ಲ. ಬಾಕಿ ಹಣ ಕೇಳಿದ್ದಕ್ಕೆ ವಾಟ್ಸಾಪಿನಲ್ಲಿ ಬಂದ ಉತ್ತರ: "ಪರ್ಮಿಷನ್ ಇಲ್ಲದ ಜಾಗ ಕೊಟ್ಟು ನಮ್ಮ ಶೆಡ್ಯೂಲ್ ಹಾಳು ಮಾಡಿದ್ದೀರಿ. ನಾವೇ ನಿಮ್ಮ ಮೇಲೆ ಕ್ಲೇಮ್ ಹಾಕಬೇಕು." ನನ್ನ ನೀರು ಕೆಡಿಸಿ, ಮರ ಕಡಿದು, ನನ್ನ ಮೇಲೆ ಕ್ಲೇಮು! ಸಿಂಗಲ್ ವಿಂಡೋ ಕಾಗದ ಎಲ್ಲಪ್ಪಾ ಅಂದೆ. ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ.

ಈಗ ಮದುವೆ ಮನೆಗೆ ಹೋದರೆ "ಏನಯ್ಯಾ, ಹೀರೋ ಆದ್ಯಂತೆ?" ಅಂತ ನಗುತ್ತಾರೆ. ನಗಲಿ ಬಿಡಿ. ನಾಳೆ ಅವರ ಅಂಗಳಕ್ಕೂ ಇನ್ನೋವಾ ಬರುತ್ತದೆ.

ಯಾವ ಜಾಗಕ್ಕೆ ಯಾರ ಅನುಮತಿ ಅಂತ ಆಮೇಲೆ ವಕೀಲರ ಹತ್ತಿರ ಕೂತು ತಿಳಿದುಕೊಂಡೆ. ಕಾಡಿಗೆ ಅರಣ್ಯ ಇಲಾಖೆಯದೇ ಬೇಕು. ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯಕ್ಕೆ ಸೇರಿದ್ದು. ಅಂಥ ಕಡೆ 1972ರ ವನ್ಯಜೀವಿ ಕಾಯ್ದೆಯ 28ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ. ಸಿನಿಮಾ ಚಿತ್ರೀಕರಣದ ಮಾತನ್ನು 2022ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ, ಪ್ರಾಣಿಗಳ ನೆಲೆಗೆ ಏನೂ ಬದಲಾವಣೆ ಮಾಡಬಾರದು ಅನ್ನುವ ಷರತ್ತಿನ ಜೊತೆಗೆ. ಇಕ್ಕೇರಿ, ಕೆಳದಿ ದೇವಸ್ಥಾನಗಳಿಗೆ ಕೇಂದ್ರ ಪುರಾತತ್ವ ಇಲಾಖೆ. ಡ್ರೋನ್ ಹಾರಿಸಲು 2021ರ ಡ್ರೋನ್ ನಿಯಮ ಬೇರೆ. ಒಂದು ಕಾಗದದಲ್ಲಿ ಎಲ್ಲಾ ಆಗಿದೆ ಅಂದರೆ ನಂಬಬೇಡಿ.

ಅನುಮತಿ ಇದ್ದರೂ ಸರ್ವೆ ನಂಬರ್ ನೋಡಿ. 2025ರ ಜನವರಿಯಲ್ಲಿ ಸಕಲೇಶಪುರದ ಕಡೆ ದೊಡ್ಡ ಸಿನಿಮಾ ಒಂದರ ಮೇಲೆ, ಅನುಮತಿ ಗೋಮಾಳಕ್ಕೆ, ಶೂಟಿಂಗ್ ಕಾಡಲ್ಲಿ ಅಂತ ದೂರು ಬಂದು ಅರಣ್ಯ ಸಚಿವರೇ ತನಿಖೆಗೆ ಹೇಳಿದ್ದರು.

ಒಪ್ಪಂದ ಕನ್ನಡದಲ್ಲೇ ಬರೆಸಿ. ಮಾಲೀಕ ಅನ್ನುವ ಪದ ಮನೆ, ತೋಟಕ್ಕೆ ಮಾತ್ರ ಇರಲಿ, ಬೆಟ್ಟದ ಹೆಸರೇ ಬರಬಾರದು. ಪೂರ್ತಿ ಹಣ ಮೊದಲೇ ಇಸ್ಕೊಳ್ಳಿ. ಕಾಫಿ ಆಮೇಲೆ ಕೊಡಿ.

ಅದೇ ತಂಡ ಈಗ ಹೊಸನಗರದ ಹಿನ್ನೀರಿನ ಕಡೆ ಹಳೇ ಮನೆ ಹುಡುಕುತ್ತಿದೆಯಂತೆ. ಅವರ ಒಪ್ಪಂದಕ್ಕೆ ಯಾರಾದರೂ ಈಗಾಗಲೇ ಸಹಿ ಹಾಕಿದ್ದರೆ ಎರಡನೇ ಪುಟದ ಫೋಟೋ ನನಗೆ ಕಳಿಸಿ. ನನ್ನ ವಕೀಲರು ಕೇಳುತ್ತಿದ್ದಾರೆ.