ಮುನ್ನೂರು ವರ್ಷ ಹಿಂದಿನ ಸಾಕ್ಷಿಕಟ್ಟೆ: ಓಲ್ಡ್ ಬೇಲಿ ಆನ್‌ಲೈನ್

ಇಪ್ಪತ್ತೆಂಟು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು ನಾನು. ಸಾಕ್ಷಿಗಳು ಹೇಳಿದ್ದನ್ನು ಬರೆದುಕೊಳ್ಳುವುದೇ ಕೆಲಸ. ಮನೆಗಳ್ಳತನದ ಕೇಸುಗಳಂತೂ ಲೆಕ್ಕವಿಲ್ಲ. ರಿಟೈರ್ ಆದ ಮೇಲೆ ಮಗಳು ಈ ವೆಬ್‌ಸೈಟ್ ತೋರಿಸಿದಳು. ಎರಡು ತಿಂಗಳಿಂದ ದಿನಾ ರಾತ್ರಿ ಓದುತ್ತಿದ್ದೇನೆ.

ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ ವಿಚಾರಣೆಗಳ ಅಚ್ಚಾದ ವರದಿ, 1674ರಿಂದ 1913ರವರೆಗಿನದು, ಇಲ್ಲಿದೆ. 1,97,000ಕ್ಕೂ ಜಾಸ್ತಿ ಕೇಸುಗಳು. ದುಡ್ಡು ಕೊಡಬೇಕಿಲ್ಲ. ಅಪರಾಧ, ವರ್ಷ, ತೀರ್ಪು, ಯಾವುದನ್ನು ಹಿಡಿದಾದರೂ ಹುಡುಕಬಹುದು.

ನಾನು ಮೊದಲು ತೆರೆದದ್ದು 1724ರ ಆಗಸ್ಟಿನ, ಜ್ಯಾಕ್ ಶೆಪರ್ಡ್ ಎಂಬ ಕಳ್ಳನ ಕೇಸು. ಉಣ್ಣೆ ಬಟ್ಟೆ ವ್ಯಾಪಾರಿ ವಿಲಿಯಂ ನೀಬೋನ್ ಸಾಕ್ಷಿ ಹೇಳುತ್ತಾನೆ. ಬಾಗಿಲು ಕಿಟಕಿ ಭದ್ರ ಮಾಡಿ ಮಲಗಿದ್ದ. ಬೆಳಗಿನ ಜಾವ ಎದ್ದು ನೋಡಿದರೆ ನೆಲಮನೆಯ ಕಿಟಕಿಯ ಸರಳು ಕತ್ತರಿಸಿದೆ. 108 ಗಜ ಬಟ್ಟೆ ಹೋಗಿದೆ, ಎರಡು ಬೆಳ್ಳಿ ಚಮಚವೂ ಹೋಗಿವೆ. ಶೆಪರ್ಡ್ ಅವನಿಗೆ ಪರಿಚಯದವನೇ. ಇಷ್ಟು ಒಳ್ಳೇದು ಮಾಡಿದವನ ಮನೆಗೇ ಕನ್ನ ಹಾಕಿದೆಯಲ್ಲ ಅಂತ ಕೇಳಿದರೆ, ತಪ್ಪಾಯಿತು, ಕೆಟ್ಟವರ ಸಹವಾಸ ಎಳೆಯಿತು ಅಂದನಂತೆ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇದೇ ಮಾತನ್ನು ನಾನೇ ಎಷ್ಟು ಸಲ ಟೈಪ್ ಮಾಡಿದ್ದೆ! ಅದೇ ವರ್ಷದ ನವೆಂಬರಿನಲ್ಲಿ ಶೆಪರ್ಡ್‌ನನ್ನು ಲಂಡನ್ನಿನ ಗಲ್ಲಿನ ಜಾಗ ಟೈಬರ್ನ್‌ನಲ್ಲಿ ಗಲ್ಲಿಗೇರಿಸಿದರು.

ಸೇವಕಿಯರ ಸಾಕ್ಷಿಗಳನ್ನು ಬಿಡಬೇಡಿ. ಚಿಲಕ ಯಾರು ಹಾಕಿದರು, ಬೆಳಿಗ್ಗೆ ಮೊದಲು ಎದ್ದು ಕೆಳಗಿಳಿದವರು ಯಾರು, ಆಗ ಕತ್ತಲಿತ್ತೇ ಬೆಳಕಿತ್ತೇ, ಎಲ್ಲ ಕೇಳುತ್ತಾರೆ. ಸುಮ್ಮನೆ ಕೇಳುವುದಲ್ಲ. ರಾತ್ರಿ ಮನೆ ಒಡೆದರೆ ಮಾತ್ರ 'ಬರ್ಗ್ಲರಿ', ಅದಕ್ಕೆ ಗಲ್ಲು. ಹಗಲಿನ ಬೆಳಕಲ್ಲಿ ಮುಖ ಗುರುತು ಹಿಡಿಯುವಂತಿದ್ದರೆ ಆ ಆರೋಪ ನಿಲ್ಲುತ್ತಿರಲಿಲ್ಲ. ಒಂದು ಪ್ರಾಣವೇ ಆ ಹುಡುಗಿ ಹೇಳುವ ಹೊತ್ತಿನ ಮೇಲೆ ನಿಂತಿರುತ್ತಿತ್ತು. ನಮ್ಮ ದಂಡ ಸಂಹಿತೆಯೂ ಸೂರ್ಯ ಮುಳುಗಿ ಹುಟ್ಟುವವರೆಗಿನ ಮನೆ ಒಡೆಯುವಿಕೆಯನ್ನು ಬೇರೆಯೇ ಇಟ್ಟಿತ್ತು, ಅಲ್ವಾ?

ಮಾಲಿನ ಬೆಲೆಯನ್ನೂ ಗಮನಿಸಿ. ವಾಸದ ಮನೆಯಿಂದ 40 ಶಿಲ್ಲಿಂಗ್ (ಆಗಿನ ಇಂಗ್ಲೆಂಡಿನ ನಾಣ್ಯ) ಬೆಲೆಯ ವಸ್ತು ಕದ್ದರೂ ಗಲ್ಲು ಎಂಬ ಕಾನೂನಿತ್ತು. ಅದಕ್ಕೇ ಜ್ಯೂರಿಯವರು ಎಷ್ಟೋ ಸಲ 39 ಶಿಲ್ಲಿಂಗ್ ಅಂತಲೇ ಬೆಲೆ ಕಟ್ಟಿ ಜೀವ ಉಳಿಸುತ್ತಿದ್ದರು. ಆ 39 ಕಂಡಾಗಲೆಲ್ಲ ನನಗೆ ಸಮಾಧಾನ.

ಕೊರತೆಯೂ ಇದೆ. ಇವು ಮಾರಾಟಕ್ಕೆಂದು ಅಚ್ಚು ಹಾಕಿದ ವರದಿಗಳು, ಕೋರ್ಟಿನ ಪೂರ್ತಿ ದಾಖಲೆ ಅಲ್ಲ. ಆರೋಪಿಯ ಮಾತನ್ನು ಹಲವು ಕಡೆ ಒಂದೇ ಸಾಲಿಗೆ ಇಳಿಸಿಬಿಟ್ಟಿದ್ದಾರೆ. ಅವನು ಇನ್ನೂ ಏನೋ ಹೇಳಿರುತ್ತಾನೆ ಅಂತ ನನ್ನ ಕೈಗೇ ಗೊತ್ತಾಗುತ್ತದೆ. ನೋವಾಗುತ್ತದೆ. ಹಳೇ ಇಂಗ್ಲಿಷೂ ಶುರುವಿನಲ್ಲಿ ಕಷ್ಟ.

ಹೊಸಬರು 1750ರ ನಂತರದ ಕೇಸುಗಳಿಂದ ಶುರು ಮಾಡಿ. ಆ ಹೊತ್ತಿಗೆ ಥಾಮಸ್ ಗರ್ನಿಯಂಥ ಶೀಘ್ರಲಿಪಿಕಾರರು ಅಲ್ಲಿ ಕೆಲಸ ಮಾಡುತ್ತಿದ್ದರು. ಪ್ರಶ್ನೆ, ಉತ್ತರ ಎರಡೂ ಎಷ್ಟೋ ಕಡೆ ಹಾಗೇ ಸಿಗುತ್ತವೆ. ಮೂಲ ಪುಟದ ಚಿತ್ರವೂ ಇದೆ. ಅದನ್ನು ಪಕ್ಕಕ್ಕಿಟ್ಟುಕೊಂಡೇ ಓದಿ.