ಬ್ಯಾಟರಿಯ ಕೆಂಪು ದೀಪ ಹೊತ್ತಿದ ಮೇಲೆ ಬಂಕಿನಿಂದ ಕಾರು ಹೊರಡಿಸಬೇಡಿ

ಮಳೆಗಾಲದ ರಾತ್ರಿಗಳಲ್ಲಿ ಕೊಡಗಿನ ಒಳದಾರಿಗಳಲ್ಲಿ ಕಾರು ಓಡಿಸುವವರು ದಯವಿಟ್ಟು ಇದನ್ನು ಓದಿ. ನನಗಾದ ನಷ್ಟ 26,000 ರೂಪಾಯಿ, ಬಲಗೈಯ ಮೇಲೊಂದು ಸುಟ್ಟ ಕಲೆ, ಜೊತೆಗೆ ಅಮ್ಮನಿಂದ ಇನ್ನು ಜೀವಮಾನವಿಡೀ ಕೇಳಬೇಕಾದ ಮಾತು. ಇಷ್ಟಕ್ಕೂ ಕಾರಣ ಕೆಲವು ನೂರು ರೂಪಾಯಿಯ ಒಂದು ರಬ್ಬರ್ ಪಟ್ಟಿ.

ಕಳೆದ ಜುಲೈ ಕೊನೆಯ ಭಾನುವಾರ, ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆ ಹಿಡಿದುಕೊಂಡಿತ್ತು. ಮೈಸೂರಿನ ಅಕ್ಕನ ಮನೆಯಿಂದ ಅಮ್ಮನನ್ನು ಕರೆದುಕೊಂಡು ಸಿದ್ದಾಪುರಕ್ಕೆ ಮರಳುತ್ತಿದ್ದೆ. ಪಿರಿಯಾಪಟ್ಟಣದಿಂದ ಮಾಲ್ದಾರೆಯ ಮೇಲೆ ಬಂದರೆ ಹತ್ತಿರ. ಕತ್ತಲಾದ ಮೇಲೆ ಆ ಕಾಡಿನ ದಾರಿ ಬೇಡ, ಆನೆ ಸಿಕ್ಕರೆ ಕಷ್ಟ ಎಂದು ಅಮ್ಮನೇ ಹೇಳಿದ್ದರಿಂದ ಕುಶಾಲನಗರ ಸುತ್ತಿಕೊಂಡು ಬಂದೆವು. ಕುಶಾಲನಗರಕ್ಕೆ ಮುಂಚೆ ಸಿಗುವ ಕೊಪ್ಪದ ಹತ್ತಿರ ಬಾನೆಟ್ಟಿನೊಳಗೆ ಏನೋ ಪಟಪಟ ಬಡಿದು ಸುಮ್ಮನಾಯಿತು. ಮೀಟರಿನಲ್ಲಿ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಂಡಿತು.

ಇದು ಹೇಳದೆ ಕೇಳದೆ ಬಂದ ಆಪತ್ತೇನಲ್ಲ. ಹದಿನೈದು ದಿನದಿಂದ, ಮಳೆಯ ಬೆಳಗುಗಳಲ್ಲಿ ಕಾರು ಸ್ಟಾರ್ಟ್ ಮಾಡಿದೊಡನೆ ಕಿರ್ ಎಂದು ಕಿರುಚುತ್ತಿತ್ತು. ಒಂದು ನಿಮಿಷದ ನಂತರ ತಾನಾಗಿಯೇ ನಿಲ್ಲುತ್ತಿತ್ತು. ನಾನು ಮಾಡಿದ ದುರಸ್ತಿಯೆಂದರೆ ರೇಡಿಯೋದ ಧ್ವನಿ ಏರಿಸಿದ್ದು.

ಕುಶಾಲನಗರ ದಾಟಿ ಸ್ವಲ್ಪ ದೂರದಲ್ಲಿ ಒಂದು ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದೆ. ಗಂಟೆ ಎಂಟೂವರೆ. ಬಾನೆಟ್ ಎತ್ತಿ ಮೊಬೈಲ್ ಬೆಳಕಿನಲ್ಲಿ ನೋಡಿದರೆ ಫ್ಯಾನ್ ಬೆಲ್ಟ್ ಇರಬೇಕಾದ ಜಾಗದಲ್ಲಿ ಕಪ್ಪು ನಾರಿನಂತಹ ಒಂದು ಚೂರು ಜೋತಾಡುತ್ತಿತ್ತು. (ಹೆಸರಷ್ಟೇ ಫ್ಯಾನ್ ಬೆಲ್ಟ್. ಈಗಿನ ಬಹುತೇಕ ಕಾರುಗಳಲ್ಲಿ ಅದು ಫ್ಯಾನನ್ನು ತಿರುಗಿಸುವುದಿಲ್ಲ, ಫ್ಯಾನಿಗೆ ಬೇರೆ ಮೋಟಾರ್ ಇದೆ.) ಬಂಕಿನ ಹುಡುಗನನ್ನು ಕೇಳಿದೆ.

"ಬೆಲ್ಟ್ ಇಲ್ಲ ಸರ್. ಆಯಿಲ್ ಇದೆ, ಕೂಲೆಂಟ್ ಇದೆ, ಸೆಂಟ್ ಇದೆ."

ಸೆಂಟು ನಾಲ್ಕು ಪರಿಮಳಗಳಲ್ಲಿತ್ತು. ಚಿಪ್ಸ್ ಇತ್ತು, ತಂಪು ಪಾನೀಯಗಳ ಫ್ರಿಜ್ ಇತ್ತು, ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸುವ ತಲೆಯಾಡಿಸುವ ನಾಯಿಯೂ ಇತ್ತು. ಬೆಲ್ಟ್ ಹೋಗಲಿ, ಒಂದು ಫ್ಯೂಸ್, ಒಂದು ಹೆಡ್‌ಲೈಟ್ ಬಲ್ಬ್, ಒಂದು ಹೋಸ್ ಕ್ಲಿಪ್ ಇರಲಿಲ್ಲ. ಬಿಡಿಭಾಗಗಳ ಅಂಗಡಿಗಳೆಲ್ಲ ಭಾನುವಾರ ಬಾಗಿಲು ಹಾಕಿದ್ದವು. ಪರಿಚಯದ ಮೆಕ್ಯಾನಿಕ್ ಫೋನ್ ಎತ್ತಲಿಲ್ಲ. ವಿಮೆಯ ಜೊತೆ ಬಂದಿದ್ದ ರಸ್ತೆ ನೆರವಿನ ಸಂಖ್ಯೆಗೆ ಕರೆ ಮಾಡಿದರೆ, ಗಾಡಿ ಮೈಸೂರಿನಿಂದ ಬರಬೇಕು, ಮೂರು ಗಂಟೆಯಾದರೂ ಬೇಕು ಎಂದರು.

ಅಲ್ಲೇ ಡೀಸೆಲ್ ಹಾಕಿಸುತ್ತಿದ್ದ ಪಿಕಪ್ ಚಾಲಕರೊಬ್ಬರು ಬಾನೆಟ್ಟಿನೊಳಗೆ ಇಣುಕಿ, "ಬ್ಯಾಟರಿ ಹೊಸದಲ್ಲವೇ? ಸಿದ್ದಾಪುರಕ್ಕೆ ಏನು ಮಹಾ ದೂರ. ಎ.ಸಿ. ಹಾಕಬೇಡಿ, ನಿಧಾನವಾಗಿ ಹೋಗಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಅದು ಅರ್ಧ ಸತ್ಯ. ಕೆಲವು ಕಾರುಗಳಲ್ಲಿ ಈ ಬೆಲ್ಟ್ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರನ್ನು, ಇದ್ದರೆ ಎ.ಸಿ.ಯನ್ನು ಮಾತ್ರ ತಿರುಗಿಸುತ್ತದೆ. ಅಂಥವು ಬ್ಯಾಟರಿಯಲ್ಲಿ ಜೀವವಿರುವಷ್ಟು ಹೊತ್ತು ಓಡಬಲ್ಲವು. ನನ್ನಂಥ ಹಳೆಯ ಸಣ್ಣ ಕಾರಿನಲ್ಲಿ ಎಂಜಿನ್ನನ್ನು ತಂಪಾಗಿಡುವ ನೀರನ್ನು ತಿರುಗಿಸುವ ವಾಟರ್ ಪಂಪ್ ಕೂಡ ಅದೇ ಬೆಲ್ಟಿನ ಮೇಲೆ ಓಡುತ್ತದೆ. ಹನ್ನೊಂದು ವರ್ಷ ಓಡಿಸಿದ ಕಾರಿನ ಬಗ್ಗೆ ಈ ಒಂದು ಸಂಗತಿ ನನಗೆ ಗೊತ್ತಿರಲಿಲ್ಲ.

ಬ್ಯಾಟರಿಯ ಲೆಕ್ಕವನ್ನೂ ನಾನು ಹಾಕಲಿಲ್ಲ. ಎರಡು ಹೆಡ್‌ಲೈಟ್ ಬಲ್ಬುಗಳೇ ಸುಮಾರು 110 ವ್ಯಾಟ್, ಎಂದರೆ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್. ಅದರ ಮೇಲೆ ಬಿಡುವಿಲ್ಲದೆ ಆಡುವ ವೈಪರ್, ಇಗ್ನಿಷನ್, ಪೆಟ್ರೋಲ್ ಪಂಪ್, ರೇಡಿಯೇಟರ್ ಫ್ಯಾನ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಹಗಲಿನಲ್ಲಿ ಕೊಡುವ ಕಾಲಾವಕಾಶ ಬೇರೆ, ಮಳೆಯ ರಾತ್ರಿಯಲ್ಲಿ ಕೊಡುವುದೇ ಬೇರೆ.

ಗುಡ್ಡೆಹೊಸೂರಿನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದೆವು. ನಂಜರಾಯಪಟ್ಟಣದವರೆಗೆ ಎಲ್ಲವೂ ಸರಿಯಿತ್ತು. ಆಮೇಲೆ ಉಷ್ಣತೆಯ ಮುಳ್ಳು ಏರತೊಡಗಿತು. ಆಗಲೇ ನಿಲ್ಲಿಸಬೇಕಿತ್ತು. ಮುಂದಿನ ತಿರುವಿನಲ್ಲಿ ಮನೆಗಳಿವೆ, ಅಲ್ಲಿ ನಿಲ್ಲಿಸೋಣ ಎಂದುಕೊಂಡೆ. ತಿರುವು ಬಂದಿತು, ಮನೆಗಳು ಬರಲಿಲ್ಲ. ಮುಳ್ಳು ಕೆಂಪು ಗೆರೆ ಮುಟ್ಟಿ, ಬಾನೆಟ್ಟಿನ ಸಂದಿನಿಂದ ಹಬೆ ಎದ್ದು, ಎಂಜಿನ್ ತಾನಾಗಿಯೇ ನಿಂತಿತು. ಎರಡೂ ಕಡೆ ಕಾಫಿ ತೋಟ, ಮೇಲೆ ಸಿಲ್ವರ್ ಓಕ್ ಮರಗಳ ಕತ್ತಲು, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಗಾಳಿಯಲ್ಲಿ ಹಣ್ಣಾದ ಹಲಸಿನ ವಾಸನೆ. ಹಲಸಿನ ಕಾಲದಲ್ಲಿ ಆ ತೋಟಗಳಿಗೆ ಯಾರು ಬರುತ್ತಾರೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಲ್ದಾರೆ ಬೇಡವೆಂದು ಸುತ್ತಿ ಬಂದವರು ಬಂದು ನಿಂತದ್ದು ಇಲ್ಲಿ.

ಹತ್ತು ನಿಮಿಷ ಕಾದು, ಡಿಕ್ಕಿಯಲ್ಲಿದ್ದ ಕುಡಿಯುವ ನೀರಿನ ಬಾಟಲಿ ತೆಗೆದು, ಟವೆಲ್ ಮಡಿಸಿ ರೇಡಿಯೇಟರ್ ಮುಚ್ಚಳದ ಮೇಲಿಟ್ಟು ತಿರುಗಿಸಿದೆ. ಕುದಿಯುವ ನೀರು ಚಿಮ್ಮಿ ಮುಂಗೈಯನ್ನೆಲ್ಲ ಬೇಯಿಸಿತು. ಒಳಗೆ ಒತ್ತಡವಿರುವುದರಿಂದ ಆ ನೀರು 100 ಡಿಗ್ರಿ ದಾಟಿಯೂ ನೀರಾಗಿಯೇ ಇರುತ್ತದೆ. ಮುಚ್ಚಳ ಸಡಿಲವಾದೊಡನೆ ಒಮ್ಮೆಲೇ ಹಬೆಯಾಗಿ ಹಾರುತ್ತದೆ. ಇದು ನಾನು ಹೈಸ್ಕೂಲಿನಲ್ಲಿ ಓದಿದ ಪಾಠವೇ. ಅಮ್ಮ ಹಿಂದಿನ ಸೀಟಿನಿಂದ, "ವಿಷಲ್ ಇಳಿಯುವ ಮೊದಲೇ ಕುಕ್ಕರ್ ತೆರೆಯುವವರುಂಟೇನೋ?" ಎಂದರು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹಿಂದಿನಿಂದ ಬರುವ ಗಾಡಿಗಳಿಗೆ ಕಾಣಲೆಂದು ನಾಲ್ಕೂ ಇಂಡಿಕೇಟರ್ ಹಾಕಿಟ್ಟಿದ್ದೆ. ಅರ್ಧ ಗಂಟೆ ಬಿಟ್ಟು ಕೀಲಿ ತಿರುಗಿಸಿದಾಗ ಟಕ್ ಎಂದಿತು, ಅಷ್ಟೇ. ಆಮೇಲೆ ಇಂಡಿಕೇಟರ್‌ಗಳೂ ಮಂಕಾಗಿ ಆರಿದವು. ತೋಟದೊಳಗೆಲ್ಲೋ ಕೊಂಬೆ ಮುರಿದ ಸದ್ದು ಕೇಳಿತು. ಗಾಳಿಗೆ ಮುರಿದಿರಬಹುದು. ನಾವಿಬ್ಬರೂ ಗಾಜು ಏರಿಸಿಕೊಂಡು ಮಾತಿಲ್ಲದೆ ಕುಳಿತೆವು.

ಹನ್ನೊಂದರ ಸುಮಾರಿಗೆ ಬಂದದ್ದು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಜೀಪು. ಟಾರ್ಚ್ ಹಿಡಿದು ಇಳಿದವರು ಮೊದಲು ಬೈದರು, ಆಮೇಲೆ ಹಗ್ಗ ಕಟ್ಟಿದರು. ಅರ್ಧ ಕಿಲೋಮೀಟರ್ ಮುಂದೆ ರಸ್ತೆಯ ನಡುವೆ ಹಬೆಯಾಡುತ್ತಿದ್ದ ಲದ್ದಿಯನ್ನು ತೋರಿಸಿದರು. ಹಾಗೆ ಎಳೆಸಿಕೊಂಡು ನೆಲ್ಲಿಹುದಿಕೇರಿ ತಲುಪಿದೆವು.

ಮರುದಿನ ಮೆಕ್ಯಾನಿಕ್ ನೋಡಿ ಹೇಳಿದ್ದು: ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಹೆಡ್ (ಎಂಜಿನ್ನಿನ ಮೇಲ್ಭಾಗ) ಬಾಗಿದೆ, ಮೈಸೂರಿಗೆ ಕಳುಹಿಸಿ ಫೇಸಿಂಗ್, ಎಂದರೆ ಉಜ್ಜಿ ಮಟ್ಟ, ಮಾಡಿಸಬೇಕು. ಹದಿಮೂರು ದಿನ ಕಾರು ಅಲ್ಲೇ ನಿಂತಿತು. 26,000ದ ಬಿಲ್ಲಿನಲ್ಲಿ ಬೆಲ್ಟಿನ ಸಾಲನ್ನು ನಾನು ಹುಡುಕಿ ತೆಗೆಯಬೇಕಾಯಿತು, ಅಷ್ಟು ಸಣ್ಣ ಮೊತ್ತ.

ಬಂಕುಗಳ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ನ್ಯಾಯವಾಗಿ ಮಾತನಾಡಲು ಪ್ರಯತ್ನಿಸುತ್ತೇನೆ. ಚಕ್ರಕ್ಕೆ ಉಚಿತ ಗಾಳಿ, ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವು ಬಂಕಿನಲ್ಲಿ ಇರಲೇಬೇಕು. ಪೆಟ್ರೋಲಿನ ಅಳತೆಯ ಮೇಲೆ ಅನುಮಾನ ಬಂದರೆ 5 ಲೀಟರ್ ಕ್ಯಾನಿನಲ್ಲಿ ಅಳೆದು ತೋರಿಸೆಂದು ಕೇಳಬಹುದು, ಶುದ್ಧತೆಗೆ ಫಿಲ್ಟರ್ ಪೇಪರ್ ಕೇಳಬಹುದು. ಇಷ್ಟೆಲ್ಲ ಕಡ್ಡಾಯ ಮಾಡಿದವರಿಗೆ ಒಂದು ಶೂ ಪೆಟ್ಟಿಗೆಯಷ್ಟು ಬಿಡಿಭಾಗ ಇಡಿಸುವುದು ಕಷ್ಟವೇ? ಪರಿಚಯದ ಬಂಕ್ ಮಾಲೀಕರೊಬ್ಬರ ಮುಂದೆ ಈ ಮಾತೆತ್ತಿದೆ. ಅವರು ನಕ್ಕರು. "ನೂರು ಬಗೆಯ ಕಾರು, ನೂರು ಅಳತೆಯ ಬೆಲ್ಟ್. ನಮ್ಮ ಮಳೆಗೆ ತಗಡು ತುಕ್ಕು ಹಿಡಿಯುತ್ತದೆ, ರಬ್ಬರ್ ಗಟ್ಟಿಯಾಗುತ್ತದೆ. ವರ್ಷಕ್ಕೊಬ್ಬರು ನಿಮ್ಮಂಥವರು ಬರುತ್ತೀರಿ" ಎಂದರು.

ಬೆಲ್ಟಿನ ವಿಷಯದಲ್ಲಿ ಅವರು ಹೇಳಿದ್ದು ಸರಿ. ಬೆಲ್ಟಿನ ಬೆನ್ನ ಮೇಲೆ 4ಪಿಕೆ ಎಂದು ಮುಂದೊಂದು ಸಂಖ್ಯೆ ಇರುತ್ತದೆ. ನಾಲ್ಕು ಎಂದರೆ ಒಳಬದಿಯ ಉದ್ದಗೆರೆಗಳು, ಮುಂದಿನ ಸಂಖ್ಯೆ ಮಿಲಿಮೀಟರಿನಲ್ಲಿ ಉದ್ದ. ಸ್ವಲ್ಪ ಹೆಚ್ಚುಕಡಿಮೆಯಾದರೂ ಕೂರುವುದಿಲ್ಲ. ಆದರೆ ಬಲ್ಬಿಗೆ, ಫ್ಯೂಸಿಗೆ ಈ ನೆಪ ನಡೆಯದು. ಎಚ್4 ಎಂಬ ಬಗೆಯ ಹೆಡ್‌ಲೈಟ್ ಬಲ್ಬ್ ಒಂದೇ ಇಟ್ಟರೂ ರಸ್ತೆಯ ಮೇಲಿರುವ ಹಳೆಯ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಸಾಕು. ಫ್ಯೂಸುಗಳಿಗೆ ಬಣ್ಣದ ಗುರುತೇ ಇದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಎರಡು ಅಳತೆಯ ಹೋಸ್ ಕ್ಲಿಪ್, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಜಂಪರ್ ಕೇಬಲ್, ಎಳೆಯುವ ಹಗ್ಗ. ಇವು ಕೊಳೆಯುವ ಸರಕಲ್ಲ. ಬಂಕಿನೊಳಗೆ ರಿಪೇರಿ ಮಾಡುವುದು ಬೇಡ, ಕಿಡಿಯ ಭಯವಿದೆ. ಆ ಹುಡುಗ ನನ್ನ ಕಾರನ್ನು ಪಂಪುಗಳಿಂದ ದೂರ ತಳ್ಳಿಸಿದ್ದು ಸರಿಯಾಗಿಯೇ ಇತ್ತು. ಮಾರಿದರೆ ಸಾಕು, ಹಾಕಿಕೊಳ್ಳುವುದು ನಮ್ಮ ತಲೆನೋವು. ಎಲ್ಲ ಬಂಕುಗಳಲ್ಲಿ ಇಡಬೇಕೆಂದೂ ನಾನು ಕೇಳುವುದಿಲ್ಲ. ಸಂಪಾಜೆ, ಮಾಕುಟ್ಟ, ತಿತಿಮತಿ ಕಡೆಗೆ ಹೋಗುವ ದಾರಿಗಳಲ್ಲಿ, ಘಾಟಿಗೋ ಕಾಡಿಗೋ ಮುಂಚೆ ಸಿಗುವ ಕೊನೆಯ ಬಂಕಿನಲ್ಲಿ ಇಟ್ಟರೆ ಸಾಕು. ಇಟ್ಟಾಗ ಕಟ್ಟಿನ ಮೇಲಿನ ಮುದ್ರಿತ ಬೆಲೆ ನೋಡಿ ಕೊಳ್ಳಿ. ರಾತ್ರಿಯಾಯಿತೆಂದು ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಅಲ್ಲಿಯವರೆಗೆ ನಾವೇ ಇಟ್ಟುಕೊಳ್ಳಬೇಕು. ನನ್ನ ದೊಡ್ಡಪ್ಪನ ಜೀಪಿನ ಸೀಟಿನಡಿ ಒಂದು ಬಿಸ್ಕತ್ ಡಬ್ಬಿ ಇರುತ್ತಿತ್ತು: ಬೆಲ್ಟ್, ಪ್ಲಗ್, ಪಾಯಿಂಟ್, ಕಂಡೆನ್ಸರ್, ಒಂದು ಬೀಡಿ ಕಟ್ಟು. ಅದನ್ನು ನೋಡಿ ನಾವು ಮಕ್ಕಳು ನಗುತ್ತಿದ್ದೆವು. ಈಗ ನನ್ನ ಡಿಕ್ಕಿಯಲ್ಲೂ ಅಂಥದೇ ಡಬ್ಬಿ ಇದೆ, ಬೀಡಿಯೊಂದನ್ನು ಬಿಟ್ಟು. ಬೆಲ್ಟ್ ಬದಲಿಸುವುದನ್ನು ಮೆಕ್ಯಾನಿಕ್‌ನಿಂದ ಹಗಲಿನಲ್ಲೇ ಕಲಿತೆ. ನನ್ನ ಕಾರಿನಲ್ಲಿ ಆಲ್ಟರ್ನೇಟರಿನ ಎರಡು ಬೋಲ್ಟ್ ಸಡಿಲಿಸಿದರೆ ಆಯಿತು, 12 ಮತ್ತು 14ರ ಸ್ಪ್ಯಾನರ್ ಸಾಕು. ಹೊಸ ಕಾರುಗಳಲ್ಲಿ ಇದು ಇಷ್ಟು ಸುಲಭವಲ್ಲ. ನಿಮ್ಮದು ಅಂಥದ್ದಾದರೆ ಮುಂದಿನ ಸರ್ವೀಸಿನಲ್ಲಿ ಬಾನೆಟ್ ತೆರೆಸಿ, ಬೆಲ್ಟಿನ ಮೇಲೆ ಬಿರುಕು ಇದೆಯೇ, ವಾಟರ್ ಪಂಪ್ ಅದರ ಮೇಲೇ ಓಡುತ್ತದೆಯೇ ಎಂಬ ಎರಡು ಪ್ರಶ್ನೆ ಕೇಳಿ. ಬೆಳಿಗ್ಗೆ ಕಿರುಚಾಟ ಕೇಳಿದರೆ ರೇಡಿಯೋ ಏರಿಸಬೇಡಿ.

ಕಾರ್ಯಪಡೆಯವರ ಹಗ್ಗ ಇನ್ನೂ ನನ್ನಲ್ಲೇ ಇದೆ. ಹಿಂದಿರುಗಿಸಲು ಎರಡು ಬಾರಿ ಹೋದೆ. ಎರಡು ಬಾರಿಯೂ ಅವರು ಆನೆಯ ಹಿಂದೆ ಹೋಗಿದ್ದರು.